ಸ್ಟಿಯರಿಂಗ್ ಅಪ್ಪನ ಕೈಯಲ್ಲಿತ್ತು

ನವೆಂಬರ್ ೧೬, ಮಧ್ಯಾಹ್ನ

ಮರಳಿನಲ್ಲಿ ಹೂತುಹೋಗದಿರಲಿ ಅಂತ ನಾಲ್ಕೂ ಟೈರಿನ ಗಾಳಿ ಇಳಿಸಿದೆ. ಚೂಪು ಕಲ್ಲಿನಿಂದ ವಾಲ್ವ್ ಒತ್ತಿ ಹಿಡಿದು ಕೂರುವುದು, ಅಪ್ಪ "ಸಾಕು" ಅನ್ನುವವರೆಗೆ. ಅಪ್ಪ ಮೀಟರ್ ಇಡುವುದಿಲ್ಲ. ಗಾಳಿ ಹೋಗುವ ಸದ್ದು ಕೇಳಿಯೇ ಹೇಳುತ್ತಾನೆ.

ಪಿಕಪ್ಪಿನ ಹಿಂದೆ ನೀರಿನ ಟ್ಯಾಂಕ್ ತುಂಬಿದೆ. ಒಂಟೆಗಳು ಎರಡು ದಿಬ್ಬ ದಾಟಿ ಆಚೆ ಕಣಿವೆಯಲ್ಲಿವೆ. ಯಾವಾಗಲೂ ಮುಂದಿನ ಸೀಟಿನಲ್ಲಿ ಅಮ್ಮ ಕೂರುತ್ತಾಳೆ, ನಾನು ಹಿಂದೆ ಟ್ಯಾಂಕಿಗೆ ಒರಗಿಕೊಂಡು. ಅಮ್ಮ ಅಕ್ಕನ ಹೆರಿಗೆಗೆ ಇಬ್ರಾ ಪಟ್ಟಣಕ್ಕೆ ಹೋಗಿದ್ದಾಳೆ. ಹಾಗಾಗಿ ಮುಂದಿನ ಸೀಟು ನನ್ನದು. ದಾರಿಯುದ್ದಕ್ಕೂ ಅವಳ ಗೊಣಗಾಟ ಇಲ್ಲ... ಆರಾಮ.

ಅಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ಹೊರಡಬೇಕು.

ಅದೇ ದಿನ, ಸಂಜೆ

ಮನೆಗೆ ಬಂದೆವು. ಹೇಗೆ ಬಂದೆವೋ.

ಮೊದಲ ದಿಬ್ಬ ಸರಿಯಾಗಿ ಹತ್ತಿದ ಅಪ್ಪ. ಎರಡನೆಯದರ ನೆತ್ತಿಯಲ್ಲಿ ಎಡಗಡೆ ಇಳಿಯಬೇಕಿತ್ತು. ಬಲಗಡೆ ಗಾಳಿ ಮರಳನ್ನು ತಿಂದುಹಾಕಿ, ಅಂಚು ಗೋಡೆಯ ಹಾಗೆ ನಿಂತಿತ್ತು. ಬಿಸಿಲು ನೆತ್ತಿಯ ಮೇಲಿದ್ದರೆ ಮರಳಿಗೆ ನೆರಳಿರುವುದಿಲ್ಲ, ಎಲ್ಲ ಒಂದೇ ಬಣ್ಣ, ಗುಂಡಿಯೂ ಕಾಣುವುದಿಲ್ಲ ದಿಣ್ಣೆಯೂ ಕಾಣುವುದಿಲ್ಲ. ಆದರೆ ಆಗ ಬಿಸಿಲು ವಾಲಿತ್ತು. ನೆರಳಿತ್ತು. ನನಗೆ ಅಂಚು ಕಂಡಿತು. ಅಪ್ಪ ನೇರ ಅದರ ಮೇಲೇ ಹೋದ.

ನಾನು ಬಾಯಿ ಬಿಡಲಿಲ್ಲ. ಬರೆಯುವುದಾದರೆ ಇದನ್ನೂ ಬರೆಯಬೇಕು. ಪಕ್ಕದಲ್ಲಿ ಕೂತವನು ಓಡಿಸುವವನಿಗೆ ಹೇಳಬಾರದು, ಅದು ನಮ್ಮಲ್ಲಿ ಯಾರೂ ಮುರಿಯದ ಮರ್ಯಾದೆ. ಅದರಲ್ಲೂ ಅಪ್ಪ, ಮತರ್ ಬಿನ್ ಸುವೈದ್, ಓಡಿಸುವಾಗ. ಈ ಮರಳಿನಲ್ಲಿ ಸಿಕ್ಕಿಬಿದ್ದ ಯಾರನ್ನಾದರೂ ಕೇಳಿ, ಎಳೆದು ತಂದವನು ನಮ್ಮಪ್ಪನೇ ಆಗಿರುತ್ತಾನೆ. ಅವನಿಗೆ ನಾನೇನು ಹೇಳುವುದು? ಏನೋ ಲೆಕ್ಕ ಇರಬೇಕು ಅಂದುಕೊಂಡೆ.

ಲೆಕ್ಕ ಇರಲಿಲ್ಲ. ಗಾಡಿ ಮೂಗು ಮುಂದಾಗಿ ಬಿತ್ತು. ಮುಂದಿನ ಚಕ್ರದ ಭಾರ ಹೊರುವ ಕಮಾನುಪಟ್ಟಿಯ ಮೇಲಿನ ಪದರ ಎರಡು ತುಂಡು. ಬಲಗಡೆ ಚಕ್ರ ಹಿಂದಕ್ಕೆ ಸರಿದು ತಗಡಿಗೆ ತಾಗಿಕೊಂಡು ನಿಂತಿತು. ಟ್ಯಾಂಕ್ ಒಡೆದು ನೀರೆಲ್ಲ ಮರಳಿಗೆ. ನನ್ನ ಮೊಣಕೈ ತರಚಿತು, ಅಪ್ಪನಿಗೆ ಏನೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಹಮ್ದಾನ್ ಬಂದ, ಪಕ್ಕದ ಬಿಡಾರದವನು. ಗಾಡಿ ಮರಳಿನಲ್ಲಿ ತಲೆ ಹುದುಗಿಸಿಕೊಂಡಿದೆ, ಇವರಿಬ್ಬರೂ ಮೂಗಿಗೆ ಮೂಗು ತಾಗಿಸಿ ಕ್ಷೇಮ ಕೇಳುತ್ತಿದ್ದಾರೆ.

"ಏನ್ ಸುದ್ದಿ?"

"ಸುದ್ದಿ ಏನಿಲ್ಲ. ಎಲ್ಲಾ ಒಳ್ಳೇದು. ನಿಂದು?"

"ನಮ್ಮ ಕಡೇನೂ ಏನಿಲ್ಲ. ಎಲ್ಲಾ ಒಳ್ಳೇದೇ."

ಕೂತರು. ಹಮ್ದಾನ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದ. ಖರ್ಜೂರ ತಿಂದರು. ಒಂಟೆ ಓಟದ ಮಾತಾಯಿತು, ಕಡಲ ಕಡೆ ಮಳೆಯ ಮಾತಾಯಿತು. ನಾನು ಮೊಣಕೈಯಲ್ಲಿ ರಕ್ತ ಸುರಿಸಿಕೊಂಡು ನಿಂತಿದ್ದೆ. ಆಮೇಲೆ ಹಮ್ದಾನ್ ಈಗ ತಾನೇ ಕಂಡವನ ಹಾಗೆ ಗಾಡಿಯ ಕಡೆ ತಿರುಗಿದ.

"ಗಾಡಿ?"

ಅಪ್ಪ ಖರ್ಜೂರದ ಬೀಜ ಉಗುಳಿದ. "ಹುಡುಗ ಓಡಿಸ್ತಿದ್ದ."

ಬೂ ಗಬೀಶ್, ಗಬೀಶನ ಅಪ್ಪ, ಅಂತ ನನ್ನ ಹೆಸರಿನಿಂದಲೇ ಊರಿನಲ್ಲಿ ಕರೆಸಿಕೊಳ್ಳುವವನು, ತಪ್ಪನ್ನು ಆ ಹೆಸರಿನ ಮೇಲೇ ಹಾಕಿಬಿಟ್ಟ.

ಹಮ್ದಾನ್ ನನ್ನ ನೋಡಿ ನಕ್ಕ. "ಮುರೀಲಿ ಬಿಡು. ಮುರೀದೆ ಯಾರು ಕಲ್ತಿದ್ದಾರೆ?"

ಬನ್ನಿ ಮರದ ಕೊಂಬೆ ಕಡಿದು, ಪಟ್ಟಿಗೂ ಚಾಸಿಗೂ ನಡುವೆ ತುರುಕಿ, ಹಗ್ಗ ಸುತ್ತಿ, ನಡೆದುಕೊಂಡು ಹೋಗುವ ವೇಗದಲ್ಲಿ ಬಂದೆವು. ಹಗ್ಗ ಕಟ್ಟಿದ್ದು ನಾನು. ಓಡಿಸಿದ್ದು ಅಪ್ಪ.

ನವೆಂಬರ್ ೧೭

ಮಿಂತ್ರಿಬ್‌ನ ಗ್ಯಾರೇಜು. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಪೆಶಾವರದ ನವಾಬ್ ಖಾನ್ ಗಾಡಿಯ ಕೆಳಗಿನಿಂದಲೇ ಕೂಗಿದ. "ಬಂದ್ರಾ ರ್‍ಯಾಲಿ ಡ್ರೈವರ್ ಸಾಹೇಬ್ರು! ರೆಕ್ಕೆ ಎಲ್ಲಿ, ಮರೆತು ಬಂದ್ರಾ?"

"ನಾನು ಓಡಿಸ್ತಿರಲಿಲ್ಲ."

"ಎಲ್ಲಾರೂ ಹಂಗೇ ಅನ್ನೋದು. ಪಟ್ಟಿ ಮುರಿಯೋ ಗಾಡಿಗಳೆಲ್ಲಾ ಡ್ರೈವರ್ ಇಲ್ದೇನೇ ಓಡ್ತಿರ್ತವೆ."

ಕೊಂಬೆ ಬಿಚ್ಚಿ ನೋಡಿ, ಇದನ್ನೇ ಬಿಟ್ಟಿದ್ದರೂ ಆಗುತ್ತಿತ್ತು, ನಮ್ಮ ಅಂಗಡಿಯ ಪಟ್ಟಿಗಿಂತ ಗಟ್ಟಿ ಇದೆ ಅಂದ. ನಗು ಬಂತು, ನಗಲಿಲ್ಲ.

ಸಿಟ್ಟಿಗೆ ಕಾರಣ ಬೇರೆ. ಮುಂದಿನ ತಿಂಗಳು ಖಲ್ಫಾನ್ ಚಿಕ್ಕಪ್ಪನ ಮಗ ಹುಮೈದನ ಮದುವೆ. ಹುಡುಗಿಯ ಊರು ಮರಳಿನ ಆಚೆ, ಕಡಲಂಚಿನಲ್ಲಿ. ಗಂಡಿನ ಕಡೆಯವರೆಲ್ಲ ಗಾಡಿಗಳ ಸಾಲು ಕಟ್ಟಿಕೊಂಡು, ದಿಬ್ಬಗಳನ್ನು ಅಡ್ಡ ದಾಟಿ ಹೋಗಿ ಹುಡುಗಿಯನ್ನು ಕರೆತರುವುದು. ಟಾರ್ ರಸ್ತೆ ಇದೆ, ಸುತ್ತು ಹಾಕಿ ಹೋಗಬಹುದು. ಆದರೆ ರಸ್ತೆಯಲ್ಲಿ ಹೋಗಿ ಹುಡುಗಿ ತಂದರು ಅಂತ ಯಾರ ಬಾಯಲ್ಲೂ ಬರಬಾರದು. ಮೊದಲ ಗಾಡಿ ಅಪ್ಪನದು, ಅದು ಯಾವತ್ತೂ ಅಪ್ಪನದೇ. ಎರಡನೆಯದನ್ನು ನನ್ನ ಕೈಗೆ ಕೊಡುತ್ತೇನೆಂದು ಚಿಕ್ಕಪ್ಪ ಹೇಳಿದ್ದ. ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಾಗಿನಿಂದ ಯಾರೂ ನನ್ನ ಕೈಗೆ ಏನನ್ನೂ ಕೊಟ್ಟಿರಲಿಲ್ಲ.

ನವೆಂಬರ್ ೧೯

ಎರಡನೇ ಗಾಡಿ ಇಲ್ಲ. ಚಿಕ್ಕಪ್ಪ ಬಂದಿದ್ದ.

"ಮುಂದಿನ ಸಲ ನೋಡೋಣ ಮಗನೇ. ಹೆಂಗಸ್ರು ಮಕ್ಕಳು ಇರ್ತಾರೆ ಗಾಡೀಲಿ."

"ನಾನು ಓಡಿಸ್ತಿರಲಿಲ್ಲ ಚಿಕ್ಕಪ್ಪ. ಅಪ್ಪ ಓಡಿಸ್ತಿದ್ದ."

ಮುಖ ಬದಲಾಯಿತು. "ಅಂದ್ರೆ ನಿಮ್ಮಪ್ಪ ಸುಳ್ಳ?"

"ಆ ಮಾತು ಸುಳ್ಳು."

"ನಾಚಿಕೆ ಆಗಲ್ವಾ ನಿಂಗೆ?"

"ಆಗ್ತಿದೆ. ಆದ್ರೂ ಸುಳ್ಳೇ."

ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ಎದ್ದು ಹೊರಟು, ಬಾಗಿಲಲ್ಲಿ ನಿಂತು ಹೇಳಿದ: "ಶಾಲೇಲೂ ಹಿಂಗೇ ಮಾಡ್ಕೊಂಡೆ ನೀನು."

ಶಾಲೆಯಲ್ಲಿ ಹೀಗೆ ಮಾಡಿಕೊಳ್ಳಲಿಲ್ಲ. ಕೂರಲಾಗಲಿಲ್ಲ, ಬಿಟ್ಟೆ. ಅಷ್ಟೇ. ಜನಕ್ಕೆ ಅಷ್ಟು ಸಣ್ಣ ಕಾರಣ ಸಾಲುವುದಿಲ್ಲ.

ನವೆಂಬರ್ ೨೫

ಅಮ್ಮ ಬಂದಳು. ಅಕ್ಕನಿಗೆ ಹೆಣ್ಣು.

ಹೊಸ ಪಟ್ಟಿ, ಹೊಸ ಟ್ಯಾಂಕ್, ಇವತ್ತು ಒಂಟೆಗಳಿಗೆ ನೀರು. ಅಮ್ಮ ಮುಂದೆ, ನಾನು ಹಿಂದೆ. ಹಿಂದಿನ ಗಾಜು ಸರಿಸಿತ್ತು. ಅವಳ ಗೊಣಗಾಟ ಶುರುವಾಯಿತು. ಇಷ್ಟು ದಿನ ಅದನ್ನು ಎಂಜಿನ್ ಸದ್ದಿನ ಹಾಗೆ ಕೇಳಿದ್ದೆ, ಅಂದರೆ ಕೇಳಿರಲೇ ಇಲ್ಲ. ಇವತ್ತು ಕೇಳಿದೆ.

"ಬಲಗಡೆ ಪೊದೆ ಎಷ್ಟು ಬೆಳೆದಿದೆ ನೋಡು, ಆಡು ಬಿಟ್ರೂ ತಿನ್ನಲ್ಲ... ಅಯ್ಯೋ ಈ ಹಳ್ಳ ಇನ್ನೂ ಮುಚ್ಚಿಲ್ವಾ... ಹಮ್ದಾನನ ಒಂಟೆಗಳು ದಾರೀಲೇ ಮಲಗ್ತವೆ, ಮೂರು ಮಲಗಿವೆ, ಎಡಗಡೆಯಿಂದ ಹೋದ್ರೆ ಏಳಿಸೋ ಕಷ್ಟ ಇಲ್ಲ..."

ಪ್ರತಿ ಮಾತಿಗೂ ಸ್ಟಿಯರಿಂಗ್ ತಿರುಗುತ್ತಿತ್ತು. ಅವಳು ಹೇಳಿದ ಮೇಲೆ ತಿರುಗುತ್ತಿತ್ತು. ಮೊದಲಲ್ಲ.

ಗಾಜಿನ ಹತ್ತಿರ ಸರಿದು ಕೂತೆ.

ಸಂಜೆ ಅವಳು ರೊಟ್ಟಿ ಬೇಯಿಸುವಾಗ ಹೋಗಿ ಪಕ್ಕದಲ್ಲಿ ಕೂತೆ.

"ಎಷ್ಟು ದಿನ ಆಯ್ತಮ್ಮ?"

"ಏನೆಷ್ಟು ದಿನ? ರೊಟ್ಟಿ ಬೇಯಿಸ್ತಿದೀನಿ, ಕಾಣಲ್ವಾ?"

"ಯಾರಿಗೆ ಕಾಣಲ್ಲ ಅಂತಾನೇ ಕೇಳ್ತಿರೋದು."

ರೊಟ್ಟಿ ತಿರುವಿ ಹಾಕಿದಳು. ಅದು ಸೀದಿತ್ತು. ಅಮ್ಮನ ರೊಟ್ಟಿ ಸೀಯುವುದಿಲ್ಲ.

"ಹೋದ ಬೇಸಿಗೆಯಿಂದ," ಅಂದಳು. "ಒಂದು ಕಣ್ಣು ಪೂರ್ತಿ ಹೋಗಿದೆ ಅಂತ ಕಾಣುತ್ತೆ. ಇನ್ನೊಂದು ಹೊಗೆ ಹೊಗೆ ಇರ್ಬೇಕು. ನಂಗೂ ಹೇಳಿಲ್ಲ. ನಂಗೆ ಗೊತ್ತಿದೆ ಅನ್ನೋದು ಅವರಿಗೆ ಗೊತ್ತಿದೆ, ಅಷ್ಟೇ."

"ಮದುವೆ ದಿನ ಮೊದಲ್ನೇ ಗಾಡೀಲಿ ನೀನು ಇರಲ್ಲ. ಗಂಡಸ್ರು ಮಾತ್ರ ಇರೋದು."

"ಗೊತ್ತು."

"ಪಕ್ಕದಲ್ಲಿ ಕೂತೋನು ಯಾರೂ ಬಾಯಿ ಬಿಡಲ್ಲ."

"ಗೊತ್ತು ಅಂದ್ನಲ್ಲ." ತವೆ ಕೆಳಗಿಟ್ಟಳು. "ಆ ದಾರಿ ಅವರಿಗೆ ಕಣ್ಣು ಮುಚ್ಚಿದ್ರೂ ಬರುತ್ತೆ."

"ದಾರಿ ಬರುತ್ತೆ. ಮರಳು ಹೋದ ವರ್ಷ ಇದ್ದಲ್ಲಿ ಈ ವರ್ಷ ಇರುತ್ತಾ?"

ಸೀದ ರೊಟ್ಟಿ ನನಗೇ ಕೊಟ್ಟಳು.

ದಿಬ್ಬ ಹತ್ತುವಾಗ ವೇಗ ಬಿಡುವ ಹಾಗಿಲ್ಲ. ಮೊದಲನೆಯವನ ಗಾಲಿಯ ಗುರುತು ಹಿಡಿದೇ ಉಳಿದವರು ಬರುವುದು, ಒಬ್ಬರ ಹಿಂದೆ ಒಬ್ಬರು. ನೆತ್ತಿಯ ಆಚೆ ಏನಿದೆ ಅಂತ ನೋಡುವುದು ಮೊದಲನೆಯವನು ಮಾತ್ರ. ಅವನು ಅಂಚಿನಿಂದ ಬಿದ್ದರೆ, ಹಿಂದಿನ ಗಾಡಿ ಅವನ ಮೇಲೆ. ಅದರ ಹಿಂದಿನದು...

ಹಿಂದಿನ ಗಾಡಿಗಳಲ್ಲಿ ಹೆಂಗಸರು. ಮಕ್ಕಳು.

ನವೆಂಬರ್ ೨೮

ಅಪ್ಪನಿಗೇ ಹೇಳೋಣ ಅಂತ ಹೋದೆ. ಬಿಳಿ ಒಂಟೆಯ ಪಾದ ಸವರುತ್ತಾ ಕೂತಿದ್ದ.

"ಅಪ್ಪಾ."

"ಮುಳ್ಳು ಎಲ್ಲಿ ಸಿಕ್ಕಿದೆ ನೋಡು."

ನೋಡಿದೆ. ತೆಗೆದೆ. ಅವನು ಮುಖ ಎತ್ತಿದ, ನಾನಿದ್ದ ಕಡೆಗಿಂತ ಸ್ವಲ್ಪ ಪಕ್ಕಕ್ಕೆ. "ಏನೋ ಹೇಳೋಕೆ ಬಂದೆ?"

"ಏನಿಲ್ಲ."

ಇದು ನಾನು ಹೇಳಿದ ಸುಳ್ಳು. ಬರೆದಿಟ್ಟಿದ್ದೇನೆ.

ಡಿಸೆಂಬರ್ ೨



ಹುಡುಗಿಯ ಸೋದರಮಾವ ಬಖೀತ್ ಇಬ್ಬರನ್ನು ಕರೆದುಕೊಂಡು ಬಂದಿದ್ದರು. ದಾರಿ, ದಿನ, ಊಟ ಎಲ್ಲ ಮಾತಾಡಿ ಮುಗಿಸುವುದಕ್ಕೆ. ದೊಡ್ಡ ಮನುಷ್ಯ, ಬಿಳಿ ಗಡ್ಡ, ಮಾತು ಕಡಿಮೆ. ಚಿಕ್ಕಪ್ಪ, ಹುಮೈದ್, ಹಮ್ದಾನ್, ಎಲ್ಲ ಇದ್ದರು. ಕಾಫಿ ಹಾಕುವುದು ಕಿರಿಯನ ಕೆಲಸ, ಅಂದರೆ ನನ್ನದು. ಆದರೆ ಬೀಗರಿಗೆ ಮೊದಲ ಬಟ್ಟಲು ಮನೆಯ ಯಜಮಾನನೇ ಹಾಕಿದರೆ ಅದೊಂದು ಗೌರವ. ಅಪ್ಪ ನನ್ನ ಕೈಯಿಂದ ಕಾಫಿಪಾತ್ರೆ ತೆಗೆದುಕೊಂಡ.

ನಾನು ಬಿಟ್ಟುಕೊಟ್ಟೆ.

ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಬಟ್ಟಲು. ಬಗ್ಗಿಸಿದ. ತಳದಲ್ಲಿ ಒಂದಿಷ್ಟು, ಎರಡು ಗುಟುಕು, ಅಷ್ಟು ಬಿದ್ದ ಮೇಲೆ ನಿಲ್ಲಿಸಬೇಕು. ಅಪ್ಪ ನಿಲ್ಲಿಸಲಿಲ್ಲ. ಎಲ್ಲರೂ ನಗುತ್ತಾ ಮಾತಾಡುತ್ತಿದ್ದರು, ಆ ಗದ್ದಲದಲ್ಲಿ ಸದ್ದೂ ಕೇಳಿಸಿರಲಿಕ್ಕಿಲ್ಲ. ಕಾಫಿ ಅಂಚಿನವರೆಗೆ ಬಂತು. ಆಮೇಲೆ ಬಟ್ಟಲನ್ನು ಬಖೀತರ ಮುಂದೆ ಹಿಡಿದ.

ಕುಡಿ, ಎದ್ದು ಹೊರಡು. ತುಂಬಿದ ಬಟ್ಟಲಿಗೆ ನಮ್ಮಲ್ಲಿ ಇರುವುದು ಇದೊಂದೇ ಅರ್ಥ.

ಮಾತು ನಿಂತಿತು. ಪರದೆಯ ಆಚೆ ಹೆಂಗಸರದೂ ನಿಂತಿತು.

ಬಖೀತ್ ಬಟ್ಟಲು ತೆಗೆದುಕೊಂಡು, ಬಾಯಿಗೆ ತಾಗಿಸದೆ ಚಾಪೆಯ ಮೇಲಿಟ್ಟರು. ಒಂದು ಹನಿ ಚೆಲ್ಲಲಿಲ್ಲ. "ಮತರ್," ಅಂದರು, ಮೆಲ್ಲಗೆ. "ನಾವು ಬಂದಿದ್ದು ತಪ್ಪಾಯ್ತಾ?"

ಅಪ್ಪನಿಗೆ ಅರ್ಥವಾಗಲಿಲ್ಲ. ಅದನ್ನು ನೋಡುವುದೇ ಕಷ್ಟವಾಗಿತ್ತು. ಮುಖ ಅತ್ತ ಇತ್ತ ತಿರುಗಿಸಿದ. "ಯಾಕೆ? ಏನಾಯ್ತು?"

ಬಖೀತರ ಪಕ್ಕದವನು ಬೆತ್ತ ಹಿಡಿದು ಮೊಣಕಾಲ ಮೇಲೆ ಎದ್ದಿದ್ದ. ಚಿಕ್ಕಪ್ಪನ ಮುಖ ಸುಣ್ಣದ ಹಾಗಿತ್ತು. ಪರದೆಯ ಆಚೆಯಿಂದ ಅಮ್ಮ ನಗುವ ಪ್ರಯತ್ನ ಮಾಡಿದಳು. "ಬೂ ಗಬೀಶ್‌ಗೆ ಖುಷಿ ಜಾಸ್ತಿಯಾಗಿ ಕೈ ನಿಲ್ತಿಲ್ಲ..." ಯಾರೂ ನಗಲಿಲ್ಲ. ಹುಮೈದ್ ನನ್ನನ್ನೇ ನೋಡುತ್ತಿದ್ದ. ಅವನ ಮದುವೆ ಆ ಬಟ್ಟಲಲ್ಲಿ ತುಂಬಿ ಕೂತಿತ್ತು.

ಹೇಳಿದೆ.

"ಅಪ್ಪಂಗೆ ಕಣ್ಣು ಕಾಣಲ್ಲ. ಬಟ್ಟಲು ಎಷ್ಟು ತುಂಬಿದೆ ಅಂತ ಗೊತ್ತಾಗಿಲ್ಲ. ಅವತ್ತು ಗಾಡಿ ಬೀಳ್ಸಿದ್ದೂ ನಾನಲ್ಲ."

ಕೊನೆಯ ಮಾತು ಬೇಕಿರಲಿಲ್ಲ. ಮೊದಲ ಎರಡು ಅವರಿಗಾಗಿ ಹೇಳಿದ್ದು. ಮೂರನೆಯದು ನನಗಾಗಿ. ಅದೂ ನಿಜವೇ, ಆದರೂ ಬೇಕಿರಲಿಲ್ಲ.

ಬಖೀತ್ ಅಪ್ಪನ ಮುಖ ನೋಡಿದರು, ಬಹಳ ಹೊತ್ತು. ಆಮೇಲೆ ಬಟ್ಟಲು ಎತ್ತಿ, ಆ ಕುದಿಯುವ ಕಾಫಿಯನ್ನು ಪೂರ್ತಿ ಕುಡಿದರು. ಒಂದೇ ಸಲಕ್ಕೆ. ಕಣ್ಣಲ್ಲಿ ನೀರು ಬಂತು. ಖಾಲಿ ಬಟ್ಟಲನ್ನು ಮತ್ತೆ ಅಪ್ಪನ ಮುಂದೆ ಹಿಡಿದು, "ಇನ್ನೊಂದ್ ಹಾಕು ಮತರ್," ಅಂದರು.

ಅಪ್ಪ ಹಾಕಲಿಲ್ಲ. ಕಾಫಿಪಾತ್ರೆಯನ್ನು ಕೆಳಗಿಟ್ಟು, ಕೈಯಿಂದ ಬಾಗಿಲ ಕಂಬ ತಡವಿ ಹೊರಗೆ ಹೋದ. ಇಷ್ಟು ದಿನ ಹಾಗೆ ತಡವಿದ್ದನ್ನು ನಾನು ನೋಡಿರಲಿಲ್ಲ. ಇನ್ನು ಮುಚ್ಚಿಡುವುದಕ್ಕೇನಿದೆ.

ಡಿಸೆಂಬರ್ ೧೪

ಬರೆಯಲು ಏನೂ ಇರಲಿಲ್ಲ. ಅಪ್ಪ ಮಾತಾಡುವುದಿಲ್ಲ, ಅಂದರೆ ನನ್ನ ಜೊತೆ. ಒಂಟೆಗಳ ಜೊತೆ ಮಾತಾಡುತ್ತಾನೆ.

ಮಾರನೇ ದಿನವೇ ಕೀಲಿಕೈಯನ್ನು ಬಾಗಿಲ ಮೊಳೆಗೆ ನೇತುಹಾಕಿದ. ಮೊದಲು ಅದು ಅವನ ಸೊಂಟದ ಪಟ್ಟಿಯಲ್ಲಿರುತ್ತಿತ್ತು. ಯಾರೂ ಅದರ ವಿಷಯ ಎತ್ತಲಿಲ್ಲ. ನೀರು ಮುಗಿದಾಗ ನಾನೇ ತೆಗೆದುಕೊಂಡೆ.

ಚಿಕ್ಕಪ್ಪ ಇಬ್ರಾದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಸಕ್ಕರೆ ಕಾಯಿಲೆ. ಎಡಗಣ್ಣು ಮುಗಿದ ಕತೆ. ಬಲಗಣ್ಣಿಗೆ ಮುಂದಿನ ತಿಂಗಳು ಆಪರೇಷನ್ ಮಾಡಿ ನೋಡೋಣ ಅಂದಿದ್ದಾರಂತೆ. ಬರುತ್ತದೆ ಅಂತ ಹೇಳಿಲ್ಲ, ಬರುವುದಿಲ್ಲ ಅಂತಲೂ ಹೇಳಿಲ್ಲ.

ಮದುವೆ ನಿಂತಿಲ್ಲ. ಮೊದಲ ಗಾಡಿ ಚಿಕ್ಕಪ್ಪನದು. "ನಿಮ್ಮ ಗಾಡಿ ನೀನೇ ಓಡಿಸು, ಮೂರನೇದು," ಅಂದ ನನಗೆ. ಕಣ್ಣು ನೋಡಿ ಹೇಳಲಿಲ್ಲ.

ಬೇಕಾದದ್ದು ಸಿಕ್ಕಿತು. ಸಿಕ್ಕಿದ ರೀತಿಗೆ ನುಂಗಲಾಗುತ್ತಿಲ್ಲ.

ಅಮ್ಮನನ್ನು ಕೇಳಿದೆ, ನಾನು ಮಾಡಿದ್ದು ತಪ್ಪಾ? "ತಪ್ಪಲ್ಲ," ಅಂದಳು. ಆಮೇಲೆ: "ನಾನು ಅವರ ಪಕ್ಕದಲ್ಲಿ ಕೂತು ಏನಾದ್ರೂ ಗೊಣಗ್ತಾ ಇರ್ತಿದ್ನಲ್ಲ, ಅದೇ ಇಲ್ಲ ಈಗ."

ಡಿಸೆಂಬರ್ ೨೦, ಬೆಳಿಗ್ಗೆ

ಹೊರಡುತ್ತಿದ್ದೇವೆ. ಗಾಡಿಗಳಿಗೆಲ್ಲ ಬಣ್ಣದ ಬಟ್ಟೆ ಕಟ್ಟಿದ್ದಾರೆ. ನನ್ನ ಗಾಡಿಯಲ್ಲಿ ಅಮ್ಮ, ಚಿಕ್ಕಮ್ಮ, ಹಿಂದೆ ಹುಡುಗಿಯರ ಗುಂಪು, ಒಂದು ಡೋಲು. ಅಪ್ಪ ಮೊದಲ ಗಾಡಿಯಲ್ಲಿ, ಚಿಕ್ಕಪ್ಪನ ಪಕ್ಕ. ನನ್ನ ಗಾಡಿಯ ಮುಂದಿನಿಂದಲೇ ನಡೆದು ಹೋದ, ಬಾನೆಟ್ ಮೇಲೆ ಕೈ ಎಳೆದುಕೊಂಡು. ನಿಲ್ಲಲಿಲ್ಲ.

ಅದೇ ದಿನ, ಮಧ್ಯಾಹ್ನ

ಆಕ್ಸಲ್ ಮುರಿದಿದೆ. ಈ ಸಲ ಓಡಿಸುತ್ತಿದ್ದವನು ನಾನೇ. ಸಂದೇಹ ಬೇಡ.

ನಾಲ್ಕನೇ ದಿಬ್ಬ. ಮುಂದಿನ ಇಬ್ಬರು ಹತ್ತಿದರು. ನನ್ನದು ಅರ್ಧಕ್ಕೆ ಉಸಿರು ಬಿಟ್ಟಿತು. ಹಾಗಾದಾಗ ಮಾಡುವುದು ಒಂದೇ: ಸುಮ್ಮನೆ ರಿವರ್ಸ್ ಹಾಕಿ ಬಂದ ಗುರುತಿನಲ್ಲೇ ಕೆಳಗಿಳಿದು, ಇನ್ನೊಮ್ಮೆ ಓಡಿಬಂದು ಹತ್ತುವುದು. ಚಿಕ್ಕ ಮಗುವಿಗೂ ಗೊತ್ತು. ಆದರೆ ನೆತ್ತಿಯ ಮೇಲೆ ಹತ್ತಿದವರೆಲ್ಲ ನಿಂತು ನೋಡುತ್ತಿದ್ದರು, ಅವರ ನಡುವೆ ಅಪ್ಪನೂ ಇತ್ತ ಮುಖ ಮಾಡಿ ನಿಂತಿದ್ದ. ಅವನಿಗೆ ಕಾಣುವುದಿಲ್ಲ, ಕೇಳಿಸುತ್ತದೆ. ಲೋ ಗೇರ್ ಹಾಕಿ, ಚಕ್ರ ತಿರುವಿ, ತುಳಿದೆ. ಗಾಡಿ ಕುಣಿಯಿತು. ಹಿಂದೆ ಹುಡುಗಿಯರು ಕಿರುಚಿದರು. ಆಮೇಲೆ ಕೆಳಗಿನಿಂದ ಟಪ್ ಅಂತ ಒಂದು ಸದ್ದು. ಚಕ್ರ ನಿಂತಿತು, ಎಂಜಿನ್ ಮಾತ್ರ ಓಡುತ್ತಿತ್ತು.

ಅಮ್ಮ ಡೋಲನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಮುರೀತು," ಅಂದಳು, ಯಾರಿಗೂ ಅಲ್ಲ ಅನ್ನುವ ಹಾಗೆ.

ಚಿಕ್ಕಪ್ಪ ಮೇಲಿನಿಂದ ಬೈಯುತ್ತಾ ಇಳಿದ. ಹುಮೈದ್ ಹೊಸ ಬಟ್ಟೆ ಎತ್ತಿ ಹಿಡಿದುಕೊಂಡು ಬಂದು ಕೆಳಗೆ ಬಗ್ಗಿ ನೋಡಿದ. "ನನ್ ಮದುವೇಗೆ ಇದೇನಾ ನಿನ್ ಉಡುಗೊರೆ?"

"ನೀವು ಹೋಗಿ. ಊಟಕ್ಕೆ ಕಾಯ್ತಿರ್ತಾರೆ."

"ಹೋಗೇ ಹೋಗ್ತೀವಿ. ಹೆಂಡತೀನ ಕರ್ಕೊಂಡು ವಾಪಸ್ ಬರ್ತಾ ಇಬ್ರೂ ಸೇರಿ ನಿನ್ನ ಎಳೀತೀವಿ."

ಹೆಂಗಸರನ್ನು ಬೇರೆ ಗಾಡಿಗಳಿಗೆ ಹತ್ತಿಸಿದರು. ಡೋಲು ಹೋಯಿತು. ಎಲ್ಲರೂ ನೆತ್ತಿ ದಾಟಿದ ಮೇಲೆ ನೋಡಿದರೆ, ದಿಬ್ಬದ ಮೇಲಿನಿಂದ ಒಬ್ಬ ಮನುಷ್ಯ ಕುಂಡೆಯ ಮೇಲೆ ಕೂತು ಜಾರಿಕೊಂಡು ಬರುತ್ತಿದ್ದ. ಮದುವೆಯ ಬಟ್ಟೆಯಲ್ಲಿ.

ಅಪ್ಪ.

"ಹೊಸ ಬಟ್ಟೆ ಅಪ್ಪಾ."

"ಮರಳು ತಾನೇ. ಒದರಿದ್ರೆ ಹೋಗುತ್ತೆ."

ಇಷ್ಟು ದಿನಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು.

ಡಿಸೆಂಬರ್ ೨೦, ಸಂಜೆ

ಹಿಂದಿನ ಆಕ್ಸಲ್ ಹೊರಗೆಳೆದೆವು. ಬೋಲ್ಟುಗಳನ್ನು ಅಪ್ಪನೇ ಬಿಚ್ಚಿದ. ಬಿಚ್ಚಿದ್ದನ್ನು ಒಂದೊಂದಾಗಿ ಟೋಪಿಯೊಳಗೆ ಹಾಕಿದ, ಹಾಕುತ್ತಾ ಬೆರಳಿನಿಂದ ಎಣಿಸಿದ. ಒಂದು ಸಲ ಬೆರಳು ಜಜ್ಜಿಕೊಂಡು ನನ್ನ ಅಜ್ಜನ ತನಕ ಎಲ್ಲರನ್ನೂ ಬೈದ. ಮುರಿದ ತುಂಡು ಈಚೆ ಬಂತು, ಒಳಗಿನ ಗೇಣುದ್ದ ಅಲ್ಲೇ ಉಳಿಯಿತು. ತೂತಿಗೆ ಬಾನೆಟ್ ಮೇಲಿನ ಕೆಂಪು ಬಟ್ಟೆ ಕಟ್ಟಿದೆವು, ಎಣ್ಣೆ ಸೋರದಿರಲಿ ಅಂತ.

ಮುಂದಿನ ಚಕ್ರಗಳು ತಿರುಗುತ್ತವೆ. ದಿಬ್ಬ ಹತ್ತಲಾಗುವುದಿಲ್ಲ. ಇಳಿಯಬಹುದು, ಕಣಿವೆಯ ಗಟ್ಟಿ ನೆಲ ಹಿಡಿದು ಉತ್ತರಕ್ಕೆ ಹೋದರೆ ಮನೆ. ಕಡಲಿಗೆ ಹೋಗುವುದು ಇನ್ನಿಲ್ಲ. ಮದುವೆ ಇಲ್ಲ, ಇಬ್ಬರಿಗೂ.

"ನೀನು ಹೋಗಬಹುದಿತ್ತಲ್ಲ ಅವರ ಜೊತೆ," ಅಂದೆ.

"ಖಲ್ಫಾನನ ಪಕ್ಕ ಕೂತು ಕೂತು ಹಲ್ಲು ಸವೆದುಹೋಯ್ತು. ಗೇರ್ ಹಾಕೋಕೆ ಬರಲ್ಲ ಅವನಿಗೆ. ಹೇಳೋಕೂ ಆಗಲ್ಲ."

ಖರ್ಜೂರ ಇತ್ತು, ಫ್ಲಾಸ್ಕಿನಲ್ಲಿ ಕಾಫಿ ಇತ್ತು. ನಾನೇ ಹಾಕಿದೆ. ಕುಡಿದು ಬಟ್ಟಲು ಕೆಳಗಿಟ್ಟು, ಅಪ್ಪ ಕೇಳಿದ:

"ಅವರೆಲ್ಲರ ಮುಂದೆ ಯಾಕೆ ಹೇಳ್ದೆ?"

"ಅವರು ಎದ್ದು ಹೊರಟಿದ್ರು."

"ಅದು ಸರಿ. ಮೊದಲೇ, ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಬಂದಿದ್ದೆ. ಹೆದರಿಕೆ ಆಯ್ತು. ಹೇಳಿದ್ರೆ ಕೇಳ್ತಿದ್ಯಾ?"

ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಇಲ್ಲ. ಕಾಲಲ್ಲಿರೋದು ಬಿಚ್ಚಿ ಹೊಡೀತಿದ್ದೆ."

ಖರ್ಜೂರದ ಬೀಜವನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದ. "ಅವತ್ತು ಹಮ್ದಾನ್ ಕೇಳ್ದಾಗ ನಿನ್ ಹೆಸರು ಬಾಯಿಗೆ ಬಂತು. ಯೋಚನೆ ಮಾಡಿ ಹೇಳಿದ್ದಲ್ಲ. ಮಾರನೇ ದಿನ ಯೋಚನೆ ಮಾಡ್ದೆ, ಆಗ್ಲೂ ವಾಪಸ್ ತಗೊಳ್ಳಲಿಲ್ಲ." ಬೀಜ ಎಸೆದ. "ಒಂದು ಕೇಳ್ತೀನಿ. ಆ ಅಂಚು ನಿಂಗೆ ಕಂಡಿತ್ತಾ?"

"ಕಂಡಿತ್ತು."

"ಬೀಳೋದಕ್ಕೆ ಮುಂಚೆ?"

"ಮುಂಚೇನೇ."

"ಮತ್ತೆ?"

"ನೀನು ಓಡಿಸ್ತಿದ್ದೆ."

ಅಪ್ಪ ನನ್ನ ಕಡೆ ತಿರುಗಿದ. ಈ ಸಲ ಸರಿಯಾಗಿ ನನ್ನ ಮುಖಕ್ಕೇ. ನನ್ನ ದನಿ ಹಿಡಿದು ತಿರುಗಿದನೋ, ಏನೋ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

"ಇಬ್ರೂ ಕತ್ತೆಗಳು," ಅಂದ. "ನಿಮ್ಮಮ್ಮ ಒಬ್ಳೇ ಮನುಷ್ಯಳು ಈ ಮನೇಲಿ."

ಡಿಸೆಂಬರ್ ೨೧, ಬೆಳಿಗ್ಗೆ

ಗಾಡಿಯ ಪಕ್ಕದಲ್ಲೇ ಮಲಗಿ ಎದ್ದೆವು. ಅಪ್ಪ ನಮಾಜ್ ಮುಗಿಸಿ, ಬೂದಿ ಕೆದಕಿ ಕಾಫಿ ಬಿಸಿ ಮಾಡಿದ. ಬೆಳಕು ಬಂದ ಮೇಲೆ ಗಾಡಿಯನ್ನು ಮೆಲ್ಲಗೆ ಕೆಳಗಿಳಿಸಿದೆ. ಹಿಂದಿನ ಚಕ್ರಗಳು ಹೆಣದ ಹಾಗೆ ಎಳೆದುಕೊಂಡು ಬಂದವು. ಕಣಿವೆಯ ನೆಲಕ್ಕೆ ಮುಟ್ಟಿದ ಮೇಲೆ ನಿಲ್ಲಿಸಿ, ಇಳಿದು ಬಟ್ಟೆ ಬಿಗಿದಿದೆಯಾ ನೋಡಿ ಬಂದೆ.

ಬಂದರೆ ಅಪ್ಪ ಪಕ್ಕದ ಸೀಟಿನಲ್ಲಿಲ್ಲ. ಎಡಗಡೆ, ಸ್ಟಿಯರಿಂಗ್ ಇರುವ ಕಡೆಯ ಬಾಗಿಲ ಹತ್ತಿರ ನಿಂತು, ಅಂಗೈ ಚಾಚಿದ್ದಾನೆ.

"ಕೀಲಿಕೈ ಕೊಡು."

"ಆಗಲ್ಲ ಅಪ್ಪಾ."

"ಇಲ್ಲಿ ಡಿಕ್ಕಿ ಹೊಡಿಯೋಕೆ ಏನಿದೆ? ಹೇಳು."

ನೋಡಿದೆ. ಕಣಿವೆ ಹಾಸಿದ ಹಾಗಿದೆ, ಉತ್ತರಕ್ಕೆ ಕಣ್ಣು ಹೋದಷ್ಟೂ. ಗಟ್ಟಿ ಜಲ್ಲಿನೆಲ. ಮನುಷ್ಯರಿಲ್ಲ, ಒಂಟೆಯಿಲ್ಲ. ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ, ಅಲ್ಲಲ್ಲಿ ಮರ ಇದೆ.

"ಮರ ಇದೆ."

"ಅದನ್ನ ಹೇಳೋಕೆ ನೀನಿದೀಯಲ್ಲ."

"ಆಪರೇಷನ್ ಆಗ್ಲಿ..."

"ಆಗಿ ಕಾಣದೇ ಹೋದ್ರೆ?"

ಸಮಾಧಾನದ ಮಾತು ಬಾಯಿಗೆ ಬಂತು, ಹೇಳಲಿಲ್ಲ.

"ಬೇರೆಯವರ ಗಾಡಿ ಕಂಡ್ರೆ ನಿಲ್ಲಿಸ್ಬೇಕು," ಅಂದೆ. "ನಾನು ನಿಲ್ಲು ಅಂದ ಕೂಡ್ಲೇ ನಿಲ್ಲಿಸ್ಬೇಕು. ಯಾಕೆ ಅಂತ ಕೇಳಬಾರದು. ಕೋಪ ಮಾಡ್ಕೋಬಾರದು."

"ಕೋಪ ಬಂದೇ ಬರುತ್ತೆ. ಆದ್ರೂ ನಿಲ್ಲಿಸ್ತೀನಿ."

ಇದು ನಂಬಬಹುದಾದ ಮಾತು. ಕೊಟ್ಟೆ.

ಈಗ ಅವನು ಸೀಟು ಹಿಂದಕ್ಕೆ ಸರಿಸುತ್ತಿದ್ದಾನೆ. ಕನ್ನಡಿ ಸರಿಮಾಡಿದ, ಯಾಕೋ. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಸ್ವಲ್ಪ ಹೊತ್ತು ಕೂತಿದ್ದಾನೆ, ಅಷ್ಟು ಹೊತ್ತಿನಲ್ಲಿ ಇಷ್ಟು ಬರೆದೆ. ಎಂಜಿನ್ ಶುರು ಮಾಡಿದ. ಮುಂದೆ ಏನಿದೆ ಅಂತ ಕೇಳುತ್ತಿದ್ದಾನೆ. ಇನ್ನೊಂದು ಸಲ ಕೇಳಿದ, ಸ್ವಲ್ಪ ಜೋರಾಗಿ.

ಮುಂದೆ ಬಯಲು ಅಪ್ಪಾ. ಬಲಗಡೆ ದೂರದಲ್ಲಿ ಎರಡು ಬನ್ನಿ ಮರ. ಎಡಗಡೆ...